ಮಾಣಿ, ತಪೋಧನ, ಅಕ್ಕರಿಗ: ಸೂಡಿ ಸೀಮೆಯ ಶಾಸ್ತ್ರಪಾಠ

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಸೂಡಿ ಇಂದು ಹೊಲಗಳ ನಡುವಿನ ಒಂದು ಹಳ್ಳಿ. ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ, ಮೆಟ್ಟಿಲುಗಳ ನಾಗಕುಂಡ, ಬಯಲಿನ ದೊಡ್ಡ ಗಣಪತಿ ಇವುಗಳನ್ನು ನೋಡಲು ಬಾದಾಮಿಯಿಂದಲೋ ರೋಣದಿಂದಲೋ ಬಂದವರು ಒಂದೆರಡು ತಾಸಿನಲ್ಲಿ ತಿರುಗಿ ಹೊರಟುಬಿಡುತ್ತಾರೆ. ಸಾವಿರ ವರ್ಷದ ಹಿಂದೆ ಈ ಊರಿನ ಹೆಸರು ಸೂಂಡಿ. ಕಿಸುಕಾಡು ಎಪ್ಪತ್ತು ಎಂಬ ನಾಡಿನ ದೊಡ್ಡ ಪಟ್ಟಣಗಳಲ್ಲಿ ಅದೂ ಒಂದು. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು. ಆ ಕೆಂಪುಕಲ್ಲಿನ ಸೀಮೆಯೇ ಕಿಸುಕಾಡು. ಅದಕ್ಕೆ ತಾಗಿದಂತೆ ತೆಂಕಣಕ್ಕೆ ಕಪ್ಪುಮಣ್ಣಿನ ಬೆಳ್ವೊಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಎರಡು ನಾಡುಗಳ ನಡುವೆ ಗುಡಿ, ಮಠ, ಅಗ್ರಹಾರ, ಜಿನಾಲಯಗಳ ಒಂದು ದಟ್ಟವಾದ ಬಲೆಯೇ ಇತ್ತು. ಗಣಿತ, ಜ್ಯೋತಿಷ, ವ್ಯಾಕರಣ, ತರ್ಕಗಳ ಪಾಠ ನಡೆದದ್ದು ಆ ಬಲೆಯೊಳಗೆ. ಅಲ್ಲಿ ಕಲಿಯುವವರನ್ನು ವಯಸ್ಸಿನ ಲೆಕ್ಕದಲ್ಲಿ ವಿಂಗಡಿಸುವ ಪದ್ಧತಿ ಇರಲಿಲ್ಲ.

ಸೂಡಿಯ ಹೆಸರಿನ ಅತಿ ಹಳೆಯ ದಾಖಲೆ ಎಂದು ಒಂದು ತಾಮ್ರಪಟವನ್ನು ತೋರಿಸುವುದುಂಟು. ಅದು ಗಂಗರ ಬೂತುಗನದು, ತೇದಿ ಕ್ರಿ.ಶ. 938, ಅವನ ಹೆಂಡತಿ ದೀವಳಾಂಬಿಕೆ ಸೂಂಡಿಯಲ್ಲಿ ಕಟ್ಟಿಸಿದ ಬಸದಿಗೆ ಕೊಟ್ಟ ದತ್ತಿಯ ಪಟ. ಅದನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್ ಅವರೇ ಅದು ಕೂಟಶಾಸನ ಎಂದು ಬರೆದಿದ್ದರಿಂದ ಹೆಚ್ಚು ಭಾರವನ್ನು ಅದರ ಮೇಲೆ ಹೇರುವಂತಿಲ್ಲ. ಗಟ್ಟಿ ನೆಲ ಸಿಗುವುದು 11ನೆಯ ಶತಮಾನದಲ್ಲಿ. ಎಲ್.ಡಿ. ಬಾರ್ನೆಟ್ ಸಂಪಾದಿಸಿದ ಸೂಡಿಯ ಕಲ್ಲುಶಾಸನಗಳು 1010ರಿಂದ ಮೊದಲಾಗುತ್ತವೆ. ಆಗ ಐದನೆಯ ವಿಕ್ರಮಾದಿತ್ಯನ ತಂಗಿ ಅಕ್ಕಾದೇವಿ ಕಿಸುಕಾಡನ್ನು ಆಳುತ್ತಿದ್ದಳು. ಗುಣದಬೆಡಂಗಿ ಎಂಬ ಬಿರುದು ಹೊತ್ತ ಈಕೆ ಮುಂದೆ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು. ಸುಮಾರು 1050ರಲ್ಲಿ ಸೂಡಿಯ ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳಿಗೆ ಅವರ ಊರ ಕಟ್ಟಳೆಯನ್ನು ಹೊಸದಾಗಿ ಸ್ಥಿರಪಡಿಸಿಕೊಟ್ಟವಳು. ಅದಕ್ಕೂ ಹಿಂದೆ, 1022ರಲ್ಲಿ, ಈಗ ಬಾದಾಮಿ ತಾಲ್ಲೂಕಿನಲ್ಲಿರುವ ಬೇಲೂರು, ಅಂದರೆ ಅಂದಿನ ಪೇರೂರು ಅಗ್ರಹಾರದ ತ್ರೈಪುರುಷ ದೇವಾಲಯಕ್ಕೆ ಅವಳು ಕೊಟ್ಟ ದತ್ತಿಯಲ್ಲಿ ವಿದ್ಯಾರ್ಥಿಗಳ ಊಟ ಮತ್ತು ಬಟ್ಟೆಯ ಖರ್ಚು ಸೇರಿದೆ. ರಾಜಮನೆತನದ ಹೆಣ್ಣುಮಗಳೊಬ್ಬಳು ಓದುವವರ ಹೊಟ್ಟೆಬಟ್ಟೆಯ ಲೆಕ್ಕವನ್ನು ಕಲ್ಲಿನಲ್ಲಿ ಬರೆಸಿದ್ದಳು. ಆ ಓದುವವರ ಸಾಲಿನಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಜಾಗ ಇರಲಿಲ್ಲ.

ಅಶನ, ಆಚ್ಛಾದನ ಎಂಬ ಜೋಡಿಮಾತು ಈ ಕಾಲದ ವಿದ್ಯಾದಾನದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾರಿಗೆ ಎಂಬಲ್ಲಿ ತಪೋಧನರು ಮತ್ತು ವಿದ್ಯಾರ್ಥಿಗಳು ಎಂದು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ತಪೋಧನ ಎಂದರೆ ಮಠದಲ್ಲಿ ನೆಲೆಸಿದ ಸನ್ಯಾಸಿ. ಮಾಣಿ ಎಂದರೆ ಹೊಸದಾಗಿ ಮುಂಜಿಯಾದ ಹುಡುಗ. ಒಂದೇ ದತ್ತಿಯ ಅಕ್ಕಿಯಲ್ಲಿ ಇಬ್ಬರಿಗೂ ಅನ್ನ. ಇದು ಬರಿಯ ಅಡುಗೆಮನೆಯ ಅನುಕೂಲವಲ್ಲ, ಧರ್ಮಶಾಸ್ತ್ರವೂ ಹಾಗೆಯೇ ಹೇಳಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಅವನು ವ್ಯಾಖ್ಯಾನ ಮಾಡಿದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಒಂದೊಂದು ವೇದಕ್ಕೆ ಹನ್ನೆರಡು ವರ್ಷ ಬ್ರಹ್ಮಚರ್ಯ. ಅಷ್ಟು ಆಗದವರಿಗೆ ಐದು ವರ್ಷ. ಮನೆಗೆ ಮರಳಿ ಗೃಹಸ್ಥನಾಗದೆ ಗುರುವಿನ ಬಳಿಯೇ ಜೀವಮಾನ ಕಳೆಯುವ ನೈಷ್ಠಿಕ ಬ್ರಹ್ಮಚಾರಿಗೂ ಅಲ್ಲಿ ಎಡೆಯುಂಟು. ಹೀಗಾಗಿ ಎಂಟು ವರ್ಷದ ಹುಡುಗನೂ ಅರವತ್ತರ ನೈಷ್ಠಿಕನೂ ಒಂದೇ ಹೆಸರಿನವರು, ಇಬ್ಬರೂ ಬ್ರಹ್ಮಚಾರಿಗಳೇ. ಓದಿ ಮುಗಿಸಿದವನಿಗೆ ಸ್ನಾತಕ ಎಂಬ ಹೆಸರಿತ್ತು. ಓದಿನ ವಯಸ್ಸು ಮೀರಿದವನಿಗೆ ಎಂದು ಬೇರೆ ಹೆಸರು ಇರಲಿಲ್ಲ.

ಸೂಡಿಯಲ್ಲಿ ಈ ಪಾಠದ ಕೆಲಸ ನಡೆದದ್ದು ಕಾಳಾಮುಖ ಎಂಬ ಶೈವ ಪಂಥದ ಆಚಾರ್ಯರ ಕೈಯಲ್ಲಿ. ದಂಡನಾಯಕ ನಾಗದೇವ ಸುಮಾರು 1060ರಲ್ಲಿ ನಾಗೇಶ್ವರ ದೇವಾಲಯವನ್ನು ಕಟ್ಟಿಸಿದ. ಎದುರುಬದುರಾಗಿ ಎರಡು ಶಿಖರಗಳಿರುವುದರಿಂದ ಜನ ಅದನ್ನು ಜೋಡುಕಳಸ ಎನ್ನುತ್ತಾರೆ. ಅಕ್ಕಾದೇವಿಯ ಹೆಸರಿನ ಅಕ್ಕೇಶ್ವರವೂ ಇಲ್ಲಿತ್ತು. ಇಲ್ಲಿನ ಆಚಾರ್ಯರು ಆ ಪಂಥದ ಶಕ್ತಿಪರ್ಷೆ ಎಂಬ ಪಂಗಡದ ಪರ್ವತಾವಳಿ ಶಾಖೆಗೆ ಸೇರಿದವರು. ಸೂಡಿಯ ಮಠದ ಪಾಠಪಟ್ಟಿ ಹೇಗಿದ್ದಿರಬಹುದು ಎಂದು ತಿಳಿಯಲು ಅದೇ ಬಳಗದ ಇನ್ನೊಂದು ಮಠದ ಕಡೆ ತಿರುಗಬೇಕು. ಅದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಹೊಂದಿದ ಕೋಡಿಯ ಮಠ. 1162ರ ಶಾಸನ ಆ ಮಠವನ್ನು ಬಣ್ಣಿಸುವ ಭಾಗ ಕನ್ನಡನಾಡಿನ ಶಿಕ್ಷಣದ ಚರಿತ್ರೆ ಬರೆಯುವ ಯಾರೂ ಬಿಡಲಾಗದ್ದು. ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕ ಇವೆಲ್ಲದರ ಪಾಠ ಅಲ್ಲಿ ನಡೆಯುತ್ತಿತ್ತು. ದೀನರು, ಕುರುಡರು, ಕಿವುಡರು ಬಂದರೆ ಅನ್ನ, ರೋಗಿಗಳಿಗೆ ಔಷಧ. ಜೈನ ಶಾಕಟಾಯನನ ವ್ಯಾಕರಣ ಮತ್ತು ಬೌದ್ಧರ ದರ್ಶನ ಶೈವ ಮಠವೊಂದರ ಪಟ್ಟಿಯಲ್ಲಿ ಇರುವುದನ್ನು ಗಮನಿಸಬೇಕು. ಎದುರಾಳಿಯ ಶಾಸ್ತ್ರವನ್ನು ಖಂಡಿಸಬೇಕಾದರೂ ಮೊದಲು ಓದಬೇಕಿತ್ತು. ವಾದದ ಸಭೆಯಲ್ಲಿ ಗೆಲ್ಲುವುದು ಅಂದಿನ ಆಚಾರ್ಯರಿಗೆ ದೊಡ್ಡ ಬಿರುದು. ಔಷಧದ ಮಾತೂ ಮುಖ್ಯ. ರೋಗಿಗಳು ಬಂದು ಹೋಗುವ ಕಡೆ ವೈದ್ಯವನ್ನು ನೋಡಿ ಕಲಿಯುವವನೂ ಇರುತ್ತಾನೆ.

ಈ ಸಂಸ್ಥೆಗಳಲ್ಲಿ ಯಾವುದನ್ನು ವಿಶ್ವವಿದ್ಯಾಲಯ ಎನ್ನಬಹುದು ಎಂಬ ಚರ್ಚೆ ಹಳೆಯದು. ಗಾತ್ರದಿಂದಲೂ ವ್ಯವಸ್ಥೆಯಿಂದಲೂ ಆ ಹೆಸರಿಗೆ ಹತ್ತಿರ ಬರುವುದು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನ. ಸೂಡಿಯಲ್ಲಿ ಜೋಡುಕಳಸ ಏಳುವುದಕ್ಕೆ ಎರಡು ವರ್ಷ ಮೊದಲು, 1058ರಲ್ಲಿ, ಚಾಲುಕ್ಯ ಮೊದಲನೆಯ ಸೋಮೇಶ್ವರನ ಆಳ್ವಿಕೆಯಲ್ಲಿ ದಂಡನಾಯಕ ಮಧುಸೂದನ ಬರೆಸಿದ ಶಾಸನದಂತೆ ಅಲ್ಲಿ ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಗ್ರಂಥಗಳನ್ನು ಕಾಯಲು ಆರು ಜನ ಸರಸ್ವತೀ ಭಂಡಾರಿಗರು. ಪಾಠ ಹೇಳುವವರು ಎಷ್ಟು ಮಂದಿಯೋ ಓಲೆಯ ಕಟ್ಟುಗಳನ್ನು ನೋಡಿಕೊಳ್ಳುವವರೂ ಅಷ್ಟೇ ಮಂದಿ! ಇಂದಿನ ಯಾವ ಕಾಲೇಜೂ ತನ್ನ ಗ್ರಂಥಾಲಯವನ್ನು ಇಷ್ಟು ದೊಡ್ಡ ಮಾತಾಗಿ ಎಣಿಸಿದಂತಿಲ್ಲ. 200 ಮತ್ತು 52ರ ನಡುವಿನ ಅಂತರವೂ ಅರ್ಥವಿರುವಂಥದು. ವೇದ ಬಾಯಿಪಾಠದ ಓದು, ಅದು ಎಳೆಯ ವಯಸ್ಸಿಗೆ ಸಲ್ಲುವಂಥದು. ಶಾಸ್ತ್ರ ಕೇಳಿ ತರ್ಕಿಸಿ ಬರೆದು ತಿಳಿಯುವ ಓದು. ಮೊದಲನೆಯದನ್ನು ಮುಗಿಸಿದ ಬೆಳೆದವರ ಪಾಲಿನದು. ಎರಡು ವಯಸ್ಸಿನವರಿಗೂ ಸೂರು ಒಂದೇ.

ಇಂಥ ಶಾಲೆಗೆ ಹಣ ಬರುತ್ತಿದ್ದ ದಾರಿಯನ್ನು ವಿಜಯಪುರ ಜಿಲ್ಲೆಯ ಸಾಲೋಟಗಿಯ 945ರ ಶಾಸನ ತೋರಿಸುತ್ತದೆ. ಅದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ. ನಾನಾ ದೇಶಗಳಿಂದ ಓದಲು ಬಂದವರು ಇರಲು 27 ಮನೆಗಳು. ದೀಪಕ್ಕೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರಿಂದ ಕತ್ತಲಾದ ಮೇಲೂ ಓದು ನಡೆಯುತ್ತಿತ್ತು. ಊರವರ ಪಾಲು ಬೇರೆ: ಮದುವೆಯಾದರೆ ಐದು ನಾಣ್ಯ, ಮುಂಜಿಯಾದರೆ ಎರಡೂವರೆ, ಚೌಲವಾದರೆ ಒಂದೂಕಾಲು. ಅರ್ಧ, ಅದರ ಅರ್ಧ ಎಂದು ಇಳಿಯುವ ಈ ತೆರಿಗೆಯೇ ಭಿನ್ನರಾಶಿಯ ಒಂದು ಪಾಠದಂತಿದೆ.

ಗಣಿತ ಮತ್ತು ಜ್ಯೋತಿಷವನ್ನೇ ಹೆಸರು ಹಿಡಿದು ಹೇಳುವ ದತ್ತಿಗಾಗಿ ಸೂಡಿಯಿಂದ ದೂರ ಹೋಗಬೇಕಾಗಿಲ್ಲ. ಗದಗಿನ ಹತ್ತಿರದ ಕೋಟುಮಚಗಿಯ 1012ರ ಶಾಸನದಲ್ಲಿ ವ್ಯಾಕರಣದ ನ್ಯಾಸ ಮತ್ತು ಮೀಮಾಂಸೆಯ ಪ್ರಾಭಾಕರಗಳನ್ನು ವ್ಯಾಖ್ಯಾನಿಸುವ ದೊಡ್ಡ ವಿದ್ವಾಂಸರ ಜೊತೆಗೆ ಗಣಿತ, ಜ್ಯೋತಿಷ, ಛಂದಸ್ಸು, ಅಲಂಕಾರಗಳನ್ನು ಹೇಳಿಕೊಡುವವರಿಗೂ ಭೂಮಿಯ ಏರ್ಪಾಡಿದೆ. ಅಕ್ಷರ ಕಲಿಸುವ ಉಪಾಧ್ಯಾಯನಿಗೆ ಆ ಕಾಲದ ಕನ್ನಡದಲ್ಲಿ ಅಕ್ಕರಿಗ ಎಂದು ಹೆಸರು. ಅವನ ಕೆಲಸ ಬಾಲಶಿಕ್ಷೆ. ಮಕ್ಕಳ ಅಕ್ಷರದ ಉಪಾಧ್ಯಾಯನೂ ಮೀಮಾಂಸೆಯ ಪಂಡಿತನೂ ಒಂದೇ ಅಗ್ರಹಾರದ ಭೂಮಿಯಿಂದ ಜೀವನ ನಡೆಸುತ್ತಿದ್ದರು. ಕೆಳಗಿನ ತರಗತಿ ಮತ್ತು ಮೇಲಿನ ತರಗತಿ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಇಲಾಖೆಗಳಲ್ಲಿ ಇರಬೇಕು ಎಂಬ ಯೋಚನೆ ಹುಟ್ಟಿದ್ದು ಬಹಳ ಈಚೆಗೆ.

ಗಣಿತದ ಪಾಠದಲ್ಲಿ ಏನಿತ್ತು? 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹ ಈ ನಾಡಿನ ಗಣಿತದ ತಾಯಿಗ್ರಂಥ. ಪರಿಕರ್ಮ, ಭಿನ್ನರಾಶಿಗಳ ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯೆ ಎಂದು ಅದರ ವ್ಯವಹಾರಗಳು ಎಂಟು. ಪುಸ್ತಕ ಸಂಸ್ಕೃತದ್ದು, ಆದರೆ ಈ ಎಂಟರಲ್ಲಿ ಯಾವುದನ್ನು ತೆಗೆದರೂ ಸೂಡಿಯ ಬೀದಿಯಲ್ಲಿ ಅದಕ್ಕೆ ಕೆಲಸವಿತ್ತು. ಕ್ಷೇತ್ರವೆಂದರೆ ಹೊಲದ ಅಳತೆ. ದತ್ತಿ ಬಿಟ್ಟ ಹೊಲವನ್ನು ಗಳೆಯಿಂದ ಅಳೆದು ಮತ್ತರು, ಕಮ್ಮಗಳಲ್ಲಿ ಬರೆಯಬೇಕಿತ್ತು. ಖಾತವೆಂದರೆ ಅಗೆತ. ನಾಗಕುಂಡದಂತೆ ಕೆಳಕೆಳಗೆ ಕಿರಿದಾಗುತ್ತ ಇಳಿಯುವ ಮೆಟ್ಟಿಲು ಬಾವಿಗೆ ಎಷ್ಟು ಮಣ್ಣು ತೆಗೆಯಬೇಕು ಎಂಬುದು ಖಾತದ ಲೆಕ್ಕ. ಬಾಯಿಯ ಉದ್ದಗಲ, ತಳದ ಉದ್ದಗಲ ಎರಡನ್ನೂ ಹಿಡಿಯದೆ ಅದು ಬಗೆಹರಿಯುವುದಿಲ್ಲ. ಛಾಯೆ ಎಂದರೆ ನೆಟ್ಟ ಕೋಲಿನ ನೆರಳಿನಿಂದ ಹೊತ್ತನ್ನೂ ದಿಕ್ಕನ್ನೂ ಕಾಣುವುದು. ಗುಡಿಯ ಮುಖವನ್ನು ಮೂಡಣಕ್ಕೆ ನೇರ ನಿಲ್ಲಿಸುವ ಶಿಲ್ಪಿಗೆ ಅದು ಬೇಕೇ ಬೇಕು.

ಮಿಶ್ರಕದಲ್ಲಿ ಬಂಗಾರದ ಲೆಕ್ಕಗಳ ಒಂದು ಭಾಗವಿದೆ, ಸುವರ್ಣಕುಟ್ಟೀಕಾರ. ಕಲ್ಯಾಣ ಚಾಲುಕ್ಯರ ನಾಣ್ಯ ಅಚ್ಚಾಗುತ್ತಿದ್ದ ಊರುಗಳಲ್ಲಿ ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿಯೂ ಸೂಡಿಯೂ ಸೇರಿದ್ದವು. ಟಂಕಸಾಲೆಯ ಊರಿನಲ್ಲಿ ಈ ಭಾಗವನ್ನು ಓದುವುದು ಹೊಟ್ಟೆಪಾಡಿನ ಮಾತು. ಬಂಗಾರದ ಶುದ್ಧಿಯನ್ನು ಬಣ್ಣ ಎಂದು ಎಣಿಸುತ್ತಿದ್ದರು. ಹದಿನಾರು ಬಣ್ಣದ್ದು ಅಪ್ಪಟ. ಹದಿನಾಲ್ಕು ಬಣ್ಣದ ಮೂರು ಗದ್ಯಾಣ ತೂಕದ ಬಂಗಾರಕ್ಕೆ ಹತ್ತು ಬಣ್ಣದ ಒಂದು ಗದ್ಯಾಣ ಕೂಡಿಸಿ ಕರಗಿಸಿದರೆ ಬರುವ ಬಣ್ಣ ಎಷ್ಟು? ತೂಕವನ್ನು ಬಣ್ಣದಿಂದ ಗುಣಿಸಿ ಕೂಡಿಸಿದರೆ ನಲವತ್ತೆರಡು ಮತ್ತು ಹತ್ತು, ಒಟ್ಟು ಐವತ್ತೆರಡು. ನಾಲ್ಕರಿಂದ ಭಾಗಿಸಿದರೆ ಹದಿಮೂರು. ಮುದುಕ ಅಕ್ಕಸಾಲಿಗ ಇದನ್ನು ಒರೆಗಲ್ಲಿನ ಗೆರೆ ನೋಡಿ ಹೇಳುತ್ತಾನೆ, ಹುಡುಗ ದೂಳುಹಲಗೆಯ ಮೇಲೆ ಭಾಗಿಸಿ ಹೇಳುತ್ತಾನೆ. ಒಬ್ಬನ ಉತ್ತರವನ್ನು ಇನ್ನೊಬ್ಬನ ಉತ್ತರದಿಂದ ತಾಳೆ ನೋಡಬಹುದು.

ನಾಣ್ಯಗಳ ಅಂಶಗಳೂ ಅಂಥವೇ. ಇತಿಹಾಸಕಾರರು ಕೊಡುವ ತೂಕದ ಪ್ರಕಾರ ಗದ್ಯಾಣ 96 ಗ್ರೇನು, ಎಂದರೆ ಆರು ಗ್ರಾಮಿಗೆ ತುಸು ಮೇಲೆ. ಪಣ ಅದರ ಹತ್ತರಲ್ಲಿ ಒಂದು ಭಾಗ. ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಗುಡಿಗೆ ಯಾರಾದರೂ ಹನ್ನೆರಡು ಗದ್ಯಾಣ ಇಟ್ಟು ಅದರ ಬಡ್ಡಿಯಲ್ಲಿ ನಂದಾದೀಪ ಉರಿಸಬೇಕೆಂದು ಕಟ್ಟುಮಾಡಿದರೆ, ಗದ್ಯಾಣಕ್ಕೆ ತಿಂಗಳಿಗೆ ಒಂದು ಹಾಗದಂತೆ ವರ್ಷಕ್ಕೆ 144 ಹಾಗ, ಅಂದರೆ 36 ಪಣ, ಅಂದರೆ ಮೂರು ಗದ್ಯಾಣ ಆರು ಪಣ. ಈ ಲೆಕ್ಕಕ್ಕೆ ಪಂಚರಾಶಿಕ ಎಂದು ಹೆಸರು. ಸೇನಬೋವನ ಮಗನಿಗೆ ಇದು ಪಾಠ, ಸೇನಬೋವನಿಗೆ ಇದು ಕೆಲಸ. ಇಬ್ಬರೂ ಒಂದೇ ಜಗಲಿಯ ಮೇಲೆ ಕುಳಿತಿರುತ್ತಿದ್ದರು ಎಂದು ಊಹಿಸಲು ಕಷ್ಟವಿಲ್ಲ.

ಕಾಲದ ಎಣಿಕೆಯೂ ಹೀಗೆಯೇ ಊರೊಳಗಿನದು. ಒಂದು ಶಾಸನ ಬರೆಯಬೇಕಾದರೆ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ತಿಳಿಯಬೇಕು. ಸಂಕ್ರಾಂತಿ, ಗ್ರಹಣಗಳ ಹೊತ್ತಿಗೆ ಕೊಟ್ಟ ದಾನಕ್ಕೆ ಹೆಚ್ಚು ಪುಣ್ಯ ಎಂಬ ನಂಬಿಕೆಯಿಂದ ಅವನ್ನು ಮೊದಲೇ ಗುಣಿಸಿ ಹೇಳುವವನು ಬೇಕು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟು ಅದು ಮುಳುಗುವ ತನಕದ ಹೊತ್ತನ್ನು ಒಂದು ಗಳಿಗೆ ಎಂದು ಎಣಿಸುತ್ತಿದ್ದರು. ಹಗಲಿರುಳು ಸೇರಿ ಅರವತ್ತು ಗಳಿಗೆ. ಈಗಿನ ಲೆಕ್ಕದಲ್ಲಿ ಗಳಿಗೆಗೆ 24 ನಿಮಿಷ. ಇಂದಿನ ಖಗೋಳವಿಜ್ಞಾನ ಮತ್ತು ಫಲಜ್ಯೋತಿಷ ಎರಡೂ ಆಗ ಒಂದೇ ಮೂಟೆಯಲ್ಲಿದ್ದವು ಎಂಬುದನ್ನು ಮರೆಯಬಾರದು. ಗ್ರಹಣದ ಹೊತ್ತನ್ನು ಲೆಕ್ಕಹಾಕಿದ ಬಾಯಿಯೇ ಅದರ ಫಲವನ್ನೂ ಹೇಳುತ್ತಿತ್ತು.

ಈ ಸೀಮೆಯ ನಿಜವಾದ ಹೆಚ್ಚಳ ಇರುವುದು ಮುಂದಿನ ಸಂಗತಿಯಲ್ಲಿ. ಮಠ ಮತ್ತು ಅಗ್ರಹಾರಗಳ ಶಾಸ್ತ್ರ ಸಂಸ್ಕೃತದ್ದು. ಹತ್ತಾರು ವರ್ಷ ವ್ಯಾಕರಣಕ್ಕೆ ಮೀಸಲಿಟ್ಟವರಿಗೆ ಮಾತ್ರ ಅದು ದಕ್ಕುತ್ತಿತ್ತು. ಬೆಳೆದು ಕೆಲಸಕ್ಕೆ ನಿಂತ ಮೇಲೆ ತಿಳಿಯಬೇಕು ಎನಿಸಿದ ಒಕ್ಕಲಿಗನಿಗೆ, ಸೆಟ್ಟಿಗೆ, ಅಧಿಕಾರಿಗೆ, ಗೃಹಸ್ಥನಿಗೆ ಅದರ ಬಾಗಿಲು ಮುಚ್ಚಿದ್ದಂತೆಯೇ. 11ನೆಯ ಶತಮಾನದಲ್ಲಿ, ಒಂದೇ ತಲೆಮಾರಿನೊಳಗೆ, ಶಾಸ್ತ್ರ ಕನ್ನಡಕ್ಕೆ ಇಳಿಯಿತು. ಚಾಲುಕ್ಯ ಅರಸ ಜಯಸಿಂಹನ ಆಸ್ಥಾನದ ಚಾವುಂಡರಾಯ 1025ರಲ್ಲಿ ಲೋಕೋಪಕಾರವನ್ನು ಬರೆದ. ಅದರ ಹನ್ನೆರಡು ಅಧ್ಯಾಯಗಳಲ್ಲಿ ಜ್ಯೋತಿಷವಿದೆ, ವಾಸ್ತುವಿದೆ, ನೆಲದಡಿಯ ನೀರನ್ನು ಗುರುತಿಸುವ ಬಗೆ ಇದೆ, ಮರಗಿಡಗಳ ಆರೈಕೆ ಇದೆ, ಅಡುಗೆ, ಸುಗಂಧ, ವಿಷವೈದ್ಯ ಇವೆ. ಪುಸ್ತಕದ ಹೆಸರೇ ಅದು ಯಾರಿಗಾಗಿ ಎಂಬುದನ್ನು ಹೇಳುತ್ತದೆ. ಮಳೆ ಕೈಕೊಡುವ ಎರೆಸೀಮೆಯಲ್ಲಿ ಬಾವಿ ಎಲ್ಲಿ ತೋಡಬೇಕು ಎಂಬ ಅಧ್ಯಾಯಕ್ಕೆ ಓದುಗರ ಕೊರತೆ ಬಿದ್ದಿರಲಾರದು.

ಆರು ವರ್ಷ ಕಳೆದು, 1031ರಲ್ಲಿ, ದುರ್ಗಸಿಂಹನ ಪಂಚತಂತ್ರ ಬಂತು. ಈತ ಕಿಸುಕಾಡಿನವನೇ, ಅವನ ಊರು ಸಯ್ಯಡಿ ಅಗ್ರಹಾರ, ಅಂದರೆ ರೋಣ ತಾಲ್ಲೂಕಿನ ಇಂದಿನ ಸವಡಿ. ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಪಂಚತಂತ್ರ ಶಾಸ್ತ್ರಗ್ರಂಥವೆಂದು ಎಣಿಕೆಯಾಗದಿದ್ದರೂ ಕಲಿಸುವ ಕಲೆಯ ವಿಚಾರದಲ್ಲಿ ಅದಕ್ಕಿಂತ ದೊಡ್ಡ ಪಾಠ ಇಲ್ಲ. ಪುಸ್ತಕ ಹತ್ತದ ರಾಜಕುಮಾರರಿಗೆ ಮುದುಕನೊಬ್ಬ ನರಿ, ಎತ್ತು, ಕಾಗೆ, ಗೂಗೆಗಳ ಕತೆ ಹೇಳಿ ನೀತಿಶಾಸ್ತ್ರ ಕಲಿಸುವುದು ಅದರ ಚೌಕಟ್ಟು. ಮಕ್ಕಳಿಗೆಂದು ಹೇಳಿದ ಕತೆಯನ್ನು ಮಂತ್ರಿಗಳು ಕಿವಿಗೊಟ್ಟು ಕೇಳಿದರು.

ಮೂರನೆಯದು ನರಗುಂದದಿಂದ. ಬೆಳ್ವೊಲ ನಾಡಿನ ನರಿಗುಂದದ ಶ್ರೀಧರಾಚಾರ್ಯ 1049ರಲ್ಲಿ ಬರೆದ ಜಾತಕತಿಲಕ ಕನ್ನಡದ ಮೊದಲ ಜ್ಯೋತಿಷಗ್ರಂಥ. ಅದು ಆಹವಮಲ್ಲ ಎಂಬ ಬಿರುದಿನ ಮೊದಲನೆಯ ಸೋಮೇಶ್ವರನ ಕಾಲ. ಸೂಡಿಯಲ್ಲಿ ಅಕ್ಕಾದೇವಿ ಇನ್ನೂ ಆಳುತ್ತಿದ್ದಳು. ಕನ್ನಡದಲ್ಲಿ ಇಂಥದೊಂದು ಇಲ್ಲ, ನೀನು ಬರೆ ಎಂದು ತಿಳಿದವರು ಕೇಳಿದ್ದಕ್ಕೆ ಬರೆದೆ ಎಂಬರ್ಥದ ಮಾತು ಅದರಲ್ಲಿದೆ. ಕಂದಪದ್ಯಗಳನ್ನು ಆರಿಸಿಕೊಂಡದ್ದೂ ಬುದ್ಧಿವಂತಿಕೆ. ನಾಲ್ಕು ಸಾಲಿನ ಕಂದ ಬಾಯಿಗೆ ಕೂರುತ್ತದೆ, ಹುಡುಗರಿಗೆ ಕಲಿಯಲು ಸುಲಭ, ದೊಡ್ಡವರಿಗೆ ಬೇಕೆಂದಾಗ ನೆನಪಾಗುತ್ತದೆ. 12ನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿಗಳನ್ನು ಬರೆದು ಗಣಿತವನ್ನೂ ಕನ್ನಡಕ್ಕೆ ತಂದ. ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ಗೋವೈದ್ಯ ಬರೆದ. ಅದೇ ಮನೆತನದ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ಸಂಸ್ಕೃತದಲ್ಲಿಯೇ ಬರೆದ. ಅರಸನಿಗೆ ದೇಶದಾಚೆಯ ಓದುಗರೂ ಬೇಕಾಗಿದ್ದರು.

ಮಠದ ಹೊರಗಿನ ಕಲಿಕೆಗೆ ಇನ್ನೊಂದು ಹೆಸರಿತ್ತು. ಸಂಸ್ಕೃತದ ವಿಜ್ಞಾನ ಹಳಗನ್ನಡದಲ್ಲಿ ತದ್ಭವವಾಗಿ ಬಿನ್ನಾಣವಾಯಿತು. ಬಿನ್ನಾಣಿ ಎಂದರೆ ಕೈಕೆಲಸದಲ್ಲಿ ನುರಿತ ಶಿಲ್ಪಿ, ಕುಶಲಿ. ಈಗ ಬಿನ್ನಾಣ ಎಂದರೆ ಒಯ್ಯಾರ ಎಂದಷ್ಟೇ ಉಳಿದಿರುವುದು ಆ ಪದದ ದುರದೃಷ್ಟ. ಜೋಡುಕಳಸದ ಕಂಬಗಳನ್ನು ಕಡೆದವರು ಈ ಬಿನ್ನಾಣಿಗಳು. ಅವರ ಶಾಲೆ ಕಲ್ಲಿನ ಕಣಿಯ ಬಳಿ ಮತ್ತು ಕಟ್ಟಡದ ನೆರಳಿನಲ್ಲಿ. ಅಜ್ಜ ಅಳತೆ ಹಾಕಿದ, ಅಪ್ಪ ಒಡೆದ, ಮಗ ಉಜ್ಜಿದ. ಅಗ್ರಹಾರದೊಳಗೆ ಇವರಿಗೆ ಪ್ರವೇಶ ಇರಲಿಲ್ಲ. ಅಗ್ರಹಾರದ ದೇವರ ಮನೆ ಕಟ್ಟಿದವರು ಅವರೇ. ಆ ಕಾಲದ ವಿದ್ಯೆಯನ್ನು ಹೊಗಳುವ ಬರವಣಿಗೆಗಳು ಈ ಗೋಡೆಯ ಮಾತನ್ನು ಎತ್ತದೆ ದಾಟಿಬಿಡುವುದೇ ಹೆಚ್ಚು.

12ನೆಯ ಶತಮಾನದ ನಂತರ ಸೂಡಿ ತನ್ನ ಹಿರಿಮೆಯನ್ನು ಕಳೆದುಕೊಂಡಿತು. ಕಾಳಾಮುಖ ಮಠಗಳು ಕಾಣೆಯಾದವು; ಹಲವು ಕಡೆ ವೀರಶೈವ ಮಠಗಳು ಅವುಗಳ ಜಾಗದಲ್ಲಿ ಬಂದವು. ಮುಂದಿನ ಹಲವು ಶತಮಾನಗಳಲ್ಲಿ ಬಾಲಶಿಕ್ಷೆಯನ್ನು ಉಳಿಸಿದ್ದು ಐಗಳ ಮಠದ ಓದು ಮತ್ತು ಗಾವಠಿ ಶಾಲೆಗಳು. ಅವು ಹೇಗಿದ್ದವು ಎಂಬುದರ ಒಳ್ಳೆಯ ಚಿತ್ರ ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಿಂದ ಸಿಗುತ್ತದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಕಳಿಸಿದ: ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಮುಂಜಾನೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿ ಎಂದು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಹಾಗೆಯೇ ಏರುತ್ತಿತ್ತು. ಮರಳಿನ ಮೇಲೆ ಬೆರಳಿನಿಂದ ಅಕ್ಷರ, ಒಕ್ಕೊರಲಿನಿಂದ ಮಗ್ಗಿ. ಓದುವ ಪುಸ್ತಕಗಳ ಪಟ್ಟಿಯಲ್ಲಿ ರಾಮಾಯಣ, ಭಾರತ, ಬಸವಪುರಾಣಗಳ ಜೊತೆ ಪಂಚತಂತ್ರವೂ ಇದೆ. ದುರ್ಗಸಿಂಹ ಕನ್ನಡಕ್ಕೆ ತಂದ ಕತೆಗಳು ಸುಮಾರು ಎಂಟುನೂರು ವರ್ಷಗಳ ಮೇಲೂ ಮಕ್ಕಳ ಬಾಯಲ್ಲಿದ್ದವು. ಗಣಿತ ಮಾತ್ರ ಮಗ್ಗಿ ಮತ್ತು ಅಂಗಡಿಯ ಲೆಕ್ಕಕ್ಕೆ ಇಳಿದಿತ್ತು, ಖಾತವಿಲ್ಲ, ಛಾಯೆಯಿಲ್ಲ.

ಹಿರಿಯ ಹುಡುಗರು ಕಿರಿಯರಿಗೆ ಕಲಿಸುವುದು ಈ ಶಾಲೆಗಳ ಕ್ರಮ. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಮರಳಿನ ಬರಹವನ್ನು ಈ ದೇಶದ ಶಾಲೆಗಳಲ್ಲಿ ನೋಡಿ ತನ್ನಲ್ಲಿ ಅಳವಡಿಸಿದ, ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸಿದ, 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ಪುಸ್ತಕ ಅಚ್ಚುಹಾಕಿಸಿದ. ಅದು ಮದರಾಸು ಪದ್ಧತಿ ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ಮುಂದೆ ಈ ದೇಶದಲ್ಲಿ ಬ್ರಿಟಿಷ್ ಸರ್ಕಾರ ತಂದದ್ದು ವಯಸ್ಸಿಗೊಂದು ಇಯತ್ತೆ, ಇಯತ್ತೆಗೊಂದು ಪುಸ್ತಕ, ವರ್ಷಕ್ಕೊಂದು ಪರೀಕ್ಷೆ ಎಂಬ ಏರ್ಪಾಡು. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳು ಹೆಚ್ಚಿದ್ದು ಈ ಏರ್ಪಾಡಿನಿಂದಲೇ. ಡೆಪ್ಯುಟಿ ಚನ್ನಬಸಪ್ಪನವರಂಥವರು ಮರಾಠಿಯ ಹಿಡಿತದಿಂದ ಅವನ್ನು ಬಿಡಿಸಿದರು. ಹೆಣ್ಣುಮಕ್ಕಳಿಗೂ ಅಗ್ರಹಾರದ ಹೊರಗಿನವರಿಗೂ ಬಾಗಿಲು ತೆರೆಯಿತು. ಆದರೆ ಇಯತ್ತೆ ದಾಟಿದವನು ಮತ್ತೆ ಒಳಗೆ ಕೂರುವಂತಿಲ್ಲ. ಬೆಳೆದವರು ಶಾಲೆಯ ಹೊರಗೆ ಉಳಿದರು, ವಿಜ್ಞಾನ ಇಂಗ್ಲಿಷಿನೊಳಗೆ ಉಳಿಯಿತು.

1025ರ ಚಾವುಂಡರಾಯ ಮಾಡಿದ ಕೆಲಸವನ್ನು ಹೊಸದಾಗಿ ಮಾಡಬೇಕಾಯಿತು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡ ಪುಸ್ತಕಗಳಿಗೆ ಪ್ರೋತ್ಸಾಹ ಕೊಟ್ಟಿತು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 1918ರಲ್ಲಿ ವಿಜ್ಞಾನ ಎಂಬ ಮಾಸಪತ್ರಿಕೆ ತೆಗೆದರು. ಎರಡು ವರ್ಷದಲ್ಲಿ ಅದು ನಿಂತಿತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳನ್ನು ಆರಂಭಿಸಿ ಅಧ್ಯಾಪಕರನ್ನು ಊರೂರಿಗೆ ಕಳಿಸಿತು, ಉಪನ್ಯಾಸಗಳನ್ನು ಸಣ್ಣ ಪುಸ್ತಕಗಳಾಗಿ ಅಗ್ಗಕ್ಕೆ ಮಾರಿತು. ಅದೇ ದಶಕದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆಂದು ಬರೆದ ಬಾಲಪ್ರಪಂಚವನ್ನು ತಂದೆತಾಯಿಯರೂ ಓದಿದರು. ಸೂಡಿ ಆಗ ಇದ್ದದ್ದು ಮುಂಬಯಿ ಇಲಾಖೆಯಲ್ಲಿ. ಈ ಸೀಮೆಗೆ ತನ್ನದೇ ವಿಶ್ವವಿದ್ಯಾಲಯ ದೊರಕಿದ್ದು 1949ರಲ್ಲಿ: ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ. ಅದರ ಉಪನ್ಯಾಸ ಗ್ರಂಥಮಾಲೆಯ ಕಿರುಹೊತ್ತಗೆಗಳು ಹಳ್ಳಿಯ ವಾಚನಾಲಯಗಳ ತನಕ ಬಂದವು. ಶಾಲೆ ಮುಗಿಸಿದವರೂ ಶಾಲೆಯ ಮುಖ ಕಾಣದವರೂ ಒಂದೇ ಸಭೆಯಲ್ಲಿ ಕುಳಿತು ಪ್ರಾಧ್ಯಾಪಕರ ಮಾತು ಕೇಳುವ ರೂಢಿ ಇಂಥ ಉಪನ್ಯಾಸಗಳಿಂದ ಮರಳಿ ಬಂತು.

ಮಕ್ಕಳ ಕಡೆಯಿಂದ ಆದ ಕೆಲಸ 1978ರ ಬಾಲವಿಜ್ಞಾನ ಮಾಸಪತ್ರಿಕೆ. ಜೆ.ಆರ್. ಲಕ್ಷ್ಮಣರಾವ್ ಅದರ ಸಂಪಾದಕರಾಗಿದ್ದರು. 1980ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ಮುಂದುವರಿಸಿತು. ಹೆಸರು ಬಾಲವಿಜ್ಞಾನವಾದರೂ ಅದನ್ನು ಕಾದು ಓದುತ್ತಿದ್ದವರಲ್ಲಿ ಶಾಲಾ ಮಾಸ್ತರರೂ ಇದ್ದರು. ಧಾರವಾಡದಲ್ಲಿ 2012ರಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ತೆರೆಯಿತು. ಶಾಲೆಯ ಪ್ರವಾಸದಲ್ಲಿ ಬಂದ ಮಕ್ಕಳೂ ಮೊಮ್ಮಕ್ಕಳ ಕೈಹಿಡಿದು ಬಂದ ಹಿರಿಯರೂ ಒಂದೇ ಮಾದರಿಯ ಮುಂದೆ ನಿಂತು ನೋಡಬಹುದಾದ ಜಾಗ ಅದು. 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಗೆ 2016ರಲ್ಲಿ ಸ್ವಂತದ ಒಂದು ವಿಶ್ವವಿದ್ಯಾಲಯ ಬಂತು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಅದರ ಆವರಣ ಇರುವುದು ಗದಗಿನ ಪಕ್ಕದ ಹಳ್ಳಿಯೊಂದರಲ್ಲಿ. 252 ವಿದ್ಯಾರ್ಥಿಗಳ ಘಟಿಕಾಸ್ಥಾನಕ್ಕೂ ಈ ಹಳ್ಳಿಗೂ ಯಾವ ನಂಟೂ ಇಲ್ಲ. ಆದರೆ ಈ ಹಳ್ಳಿಯ ಹೆಸರೂ ನಾಗಾವಿ.